ತೆರೆದ ಕಿರ್ದಿ, ಮುಚ್ಚಿದ ಕಿರ್ದಿ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿ ಸಂಘದ ದಾಖಲೆ ಸಮಿತಿಯ ಪರವಾಗಿ ಮಾಡಿದ ಉಪನ್ಯಾಸದ ಬರಹರೂಪ)



ಶಾಲೆಯ ಇತಿಹಾಸ, ಗಡಿನಾಡಿನ ಕನ್ನಡ, ಮಾತೃಭಾಷೆಯಲ್ಲಿ ಶಿಕ್ಷಣ ಇವುಗಳನ್ನು ಕುರಿತು ನಮಗಿಂತ ಬಲ್ಲವರು ಈ ವೇದಿಕೆಯಿಂದ ಮಾತನಾಡಿದ್ದಾರೆ. ನಮ್ಮ ಪಾಲಿಗೆ ಬಂದ ವಿಷಯ ‘ಬ್ಲಾಕ್‌ಚೈನ್’. ಶತಮಾನೋತ್ಸವಕ್ಕೂ ಇದಕ್ಕೂ ಎಲ್ಲಿಯ ನಂಟು ಎಂದು ಹಿರಿಯರು ಹುಬ್ಬೇರಿಸಬಹುದು. ನಂಟು ಇದೆ. ಕಳೆದ ಕೆಲವು ವರ್ಷಗಳಲ್ಲಿ ಈ ಒಂದೇ ಶಬ್ದವನ್ನು ಹಿಡಿದುಕೊಂಡು ನಮ್ಮ ಊರಿಗೆ ಎರಡು ಬಗೆಯ ಜನ ಬಂದರು. ಒಂದು ಬಗೆಯವರು ಕಂಪನಿಯವರು. ಶಾಲೆಯ ಜನರಲ್ ರಜಿಸ್ಟರನ್ನೂ ಮಕ್ಕಳ ಎಲ್.ಸಿ.ಗಳನ್ನೂ ಬ್ಲಾಕ್‌ಚೈನಿಗೆ ಏರಿಸಿಕೊಡುತ್ತೇವೆ, ವರ್ಷಕ್ಕೆ ಇಷ್ಟು ಶುಲ್ಕ ಎಂದವರು. ಇನ್ನೊಂದು ಬಗೆಯವರು ನಮ್ಮದೇ ಹುಡುಗರು. ಮೊಬೈಲಿನಲ್ಲಿ ಕ್ರಿಪ್ಟೊ ನಾಣ್ಯ ಕೊಂಡು, ನಡುರಾತ್ರಿ ಎದ್ದು ದರ ನೋಡುವವರು. ಮೊದಲನೆಯವರ ಮುಂದೆ ಎರಡನೆಯವರ ಹೆಸರೆತ್ತಿದರೆ ಮುಖ ಸಿಂಡರಿಸುತ್ತಾರೆ. ಎರಡನೆಯವರು ಮೊದಲನೆಯವರನ್ನು ಕಂಡರೆ ನಗುತ್ತಾರೆ. ಪಾಲಕರು ನಮ್ಮನ್ನು ಕೇಳಿದ ಪ್ರಶ್ನೆ ಇವೆರಡಕ್ಕಿಂತಲೂ ನೇರವಾದುದು: ಇಬ್ಬರೂ ಹೇಳುವುದು ಒಂದೇ ವಸ್ತುವನ್ನೇ? ಒಂದೇ ಆಗಿದ್ದರೆ, ಮಗ ಹಣ ಕಳೆದುಕೊಂಡ ಜಾಗದಲ್ಲಿಯೇ ಮೊಮ್ಮಗಳ ದಾಖಲೆಯನ್ನು ಇಡಬೇಕೇ?

ಈ ಪ್ರಶ್ನೆಯ ಭಾರ ಹೊರಗಿನವರಿಗೆ ತಿಳಿಯಲಾರದು. ಇಲ್ಲಿ ಕುಳಿತವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಹಾರಾಷ್ಟ್ರದಲ್ಲಿ ಜಾತಿ ವ್ಯಾಲಿಡಿಟಿ ಬೇಕಾದ ಪ್ರತಿಯೊಂದು ಮನೆಯೂ ಒಮ್ಮೆಯಾದರೂ ಶಾಲೆಯ ಕಪಾಟಿನ ಮುಂದೆ ನಿಂತಿದೆ. ಅಜ್ಜನ ಹೆಸರಿನ ಮುಂದೆ ಸಂಸ್ಥಾನದ ಕಾಲದ ಮಾಸ್ತರರು ಏನು ಬರೆದಿದ್ದಾರೆ ಎಂಬುದರ ಮೇಲೆ ಮೊಮ್ಮಗಳ ಕಾಲೇಜು ಪ್ರವೇಶ ನಿಂತಿರುತ್ತದೆ. 2023ರಲ್ಲಿ ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿಯು ಕುಣಬಿ ನೋಂದಿಗಳನ್ನು ಹುಡುಕತೊಡಗಿದಾಗ ರಾಜ್ಯದ ಎಷ್ಟೋ ಶಾಲೆಗಳ ಹಳೆಯ ದಫ್ತರಗಳು ಧೂಳು ಕೊಡವಿಕೊಂಡು ಹೊರಗೆ ಬಂದವು. ಅಂಥ ಪುಸ್ತಕವನ್ನು ಯಾವುದೋ ಹೊಸ ಯಂತ್ರಕ್ಕೆ ಒಪ್ಪಿಸುವ ಮುನ್ನ ಆ ಯಂತ್ರದ ಕುಲಗೋತ್ರ ಕೇಳುವುದು ತಪ್ಪಲ್ಲ.

ಕುಲಗೋತ್ರದಿಂದಲೇ ಆರಂಭಿಸೋಣ. ಬ್ಲಾಕ್‌ಚೈನಿನ ಬೇರು ಬಿಟ್‌ಕಾಯಿನಿಗಿಂತ ಹಳೆಯದು. 1991ರಲ್ಲಿ ಅಮೆರಿಕದ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟಾ ಎಂಬ ಇಬ್ಬರು ವಿಜ್ಞಾನಿಗಳು ಒಂದು ಪ್ರಬಂಧ ಬರೆದರು. ಗಣಕದಲ್ಲಿ ಬರೆದ ಕಾಗದವನ್ನು ಯಾರೂ ಅರಿಯದಂತೆ ತಿದ್ದಬಹುದು. ಹಾಗಾದರೆ ಅದು ಇಂಥ ದಿನ ಹೀಗೆಯೇ ಇತ್ತು ಎಂದು ಸಾಬೀತು ಮಾಡುವುದು ಹೇಗೆ ಎಂಬುದು ಅವರ ಸಮಸ್ಯೆ. ಅವರು ನೆಚ್ಚಿಕೊಂಡ ಸಾಧನಕ್ಕೆ ‘ಹ್ಯಾಶ್’ ಎನ್ನುತ್ತಾರೆ. ನಾವು ಅದನ್ನು ಬರಹದ ಹೆಬ್ಬೆಟ್ಟಿನ ಗುರುತು ಎಂದು ಕರೆಯೋಣ. ಒಂದು ಕಾಗದವಿರಲಿ, ಇಡೀ ಪುಸ್ತಕವಿರಲಿ, ಗಣಕವು ಅದರಿಂದ ಅಂಕಿ-ಅಕ್ಷರಗಳ ಒಂದು ಸಾಲನ್ನು ತೆಗೆಯುತ್ತದೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಪದ್ಧತಿಯಲ್ಲಿ ಆ ಸಾಲು ಯಾವಾಗಲೂ 64 ಅಕ್ಷರಗಳದ್ದು. ಪುಸ್ತಕದಲ್ಲಿ ಒಂದು ಕೊಂಬು, ಒಂದು ದೀರ್ಘ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ. ಸಾಲನ್ನು ನೋಡಿ ಪುಸ್ತಕದಲ್ಲಿ ಏನಿದೆಯೆಂದು ಹೇಳಲಾಗದು. ಪುಸ್ತಕ ಕೈಯಲ್ಲಿದ್ದರೆ ಸಾಲು ತಾಳೆಯಾಗುತ್ತದೆಯೇ ಎಂದು ಯಾರಾದರೂ ನೋಡಬಹುದು. ಹೇಬರ್ ಮತ್ತು ಸ್ಟಾರ್ನೆಟಾ ಇಂಥ ಗುರುತುಗಳನ್ನು ಒಂದಕ್ಕೊಂದು ಪೋಣಿಸಿದರು. ಹಿಂದಿನದನ್ನು ತಿದ್ದಿದರೆ ಮುಂದಿನದೆಲ್ಲ ಕೆಡಬೇಕು, ಹಾಗೆ. 1995ರಿಂದ ಅವರ ಕಂಪನಿಯು ಆ ಸರಪಳಿಯ ಗುರುತನ್ನು ವಾರಕ್ಕೊಮ್ಮೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ, ಕಳೆದುಹೋದ ವಸ್ತುಗಳ ಸಣ್ಣ ಜಾಹೀರಾತುಗಳ ನಡುವೆ, ಹಣ ಕೊಟ್ಟು ಅಚ್ಚು ಮಾಡಿಸತೊಡಗಿತು. ಲಕ್ಷಗಟ್ಟಲೆ ಮನೆಗಳಿಗೆ ಹೋದ ಪತ್ರಿಕೆಯನ್ನು ಆಮೇಲೆ ಯಾರು ತಿದ್ದಿಯಾರು? ಇದರಲ್ಲಿ ನಾಣ್ಯವಿಲ್ಲ, ದರವಿಲ್ಲ, ಏರಿಳಿತವಿಲ್ಲ.

2008ರ ಅಕ್ಟೋಬರ್ 31ರಂದು ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಬಿಟ್‌ಕಾಯಿನಿನ ಪ್ರಬಂಧ ಹೊರಬಿತ್ತು. ಅದರ ಕೊನೆಯಲ್ಲಿ ಎಂಟು ಆಧಾರಗ್ರಂಥಗಳಿವೆ, ಮೂರು ಇವರದೇ. ಸತೋಶಿ ಸೇರಿಸಿದ ಹೊಸತು ಯಾವುದೆಂದರೆ, ಪತ್ರಿಕೆಯೂ ಬೇಡ, ಸರಪಳಿ ಕಾಯುವ ಕಂಪನಿಯೂ ಬೇಡ ಎಂಬುದು. ಕಿರ್ದಿಯ ಪ್ರತಿ ಯಾರ ಮನೆಯಲ್ಲಾದರೂ ಇರಬಹುದು. ಸುಮಾರು ಹತ್ತು ನಿಮಿಷಕ್ಕೊಂದು ಹೊಸ ಪುಟ. ಆ ಪುಟವನ್ನು ಮೊಹರು ಮಾಡುವ ಕೆಲಸಕ್ಕೆ ಯಾರು ಬೇಕಾದರೂ ನಿಲ್ಲಬಹುದು. ಗೆದ್ದವನಿಗೆ ಹೊಸ ನಾಣ್ಯಗಳು ಸಿಗುತ್ತವೆ. ಮೊದಲು ಪುಟಕ್ಕೆ 50, ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತ 2024ರ ಏಪ್ರಿಲಿನಿಂದ 3.125. ಒಟ್ಟು ನಾಣ್ಯಗಳು 2.1 ಕೋಟಿಯನ್ನು ಮೀರುವಂತಿಲ್ಲ. ಅಂದರೆ, ಮಿತ್ರರೇ, ನಾಣ್ಯವು ಕಿರ್ದಿ ಬರೆಯುವ ಗುಮಾಸ್ತನ ಪಗಾರ. ಇದೊಂದು ಮಾತನ್ನು ನೆನಪಿಟ್ಟರೆ ಮುಂದಿನದೆಲ್ಲ ಬಿಡಿಸಿದ ಗಂಟಿನಂತೆ.

ಕಂಪನಿಯವರ ಪಂಗಡ ಹುಟ್ಟಿದ್ದು ಈ ಪಗಾರದ ಮೇಲಿನ ಅಸಹನೆಯಿಂದ. 2015ರ ಸುಮಾರಿಗೆ ದೊಡ್ಡ ಬ್ಯಾಂಕುಗಳೂ ಉದ್ದಿಮೆಗಳೂ ನಾಣ್ಯ ಬೇಡ, ಸರಪಳಿ ಮಾತ್ರ ಸಾಕು ಎನ್ನತೊಡಗಿದವು. ಅದೇ ವರ್ಷದ ಡಿಸೆಂಬರಿನಲ್ಲಿ ಲಿನಕ್ಸ್ ಫೌಂಡೇಶನ್ ಹೈಪರ್‌ಲೆಡ್ಜರ್ ಎಂಬ ಯೋಜನೆಯನ್ನು ಆರಂಭಿಸಿತು. ಅಲ್ಲಿ ಕಿರ್ದಿ ಉಂಟು, ನಾಣ್ಯವಿಲ್ಲ. ಒಳಗೆ ಬರಲು ಅನುಮತಿ ಬೇಕು. ಜೆ.ಪಿ. ಮಾರ್ಗನ್ ಬ್ಯಾಂಕು 2016ರಲ್ಲಿ ಕ್ವೋರಮ್ ಎಂಬ ತನ್ನದೇ ಸರಪಳಿಯನ್ನು ಕಟ್ಟಿತು. ಮರುವರ್ಷ ಅದೇ ಬ್ಯಾಂಕಿನ ಮುಖ್ಯಸ್ಥ ಜೇಮಿ ಡೈಮನ್ ಬಿಟ್‌ಕಾಯಿನನ್ನು ವಂಚನೆಯೆಂದು ಬಹಿರಂಗವಾಗಿ ಜರೆದರು. ಆದರೆ ನಾಣ್ಯವಿಲ್ಲದಿದ್ದರೆ ಗುಮಾಸ್ತನಿಗೆ ಪಗಾರ ಕೊಡುವವರು ಯಾರು? ಯಾರೋ ಒಬ್ಬರು ಕೊಡಲೇಬೇಕು. ಕೊಟ್ಟವರ ಗುಮಾಸ್ತನಾಗಿ ಅವನು ಉಳಿಯುತ್ತಾನೆ. ಆಗ ಅದು ಮುಚ್ಚಿದ ಕಿರ್ದಿ. ಮುಚ್ಚಿದ ಕಿರ್ದಿ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಅಡತಿ ಅಂಗಡಿಯ ಕಿರ್ದಿಯೂ ಮುಚ್ಚಿದ್ದೇ. ಅದನ್ನು ತೆರೆದದ್ದೆಂದು ಮಾರಬಾರದು, ಅಷ್ಟೆ.

ನಾಣ್ಯದವರ ಪಂಗಡವನ್ನು ನಮ್ಮ ಹಿರಿಯರು ಬರೀ ಜೂಜುಕೋರರೆಂದು ತಿಳಿದಿದ್ದಾರೆ. ಪೂರ್ತಿ ಸರಿಯಲ್ಲ. 2009ರ ಜನವರಿ 3ರಂದು ಬರೆದ ಬಿಟ್‌ಕಾಯಿನಿನ ಮೊದಲ ಪುಟದಲ್ಲಿ ಆ ದಿನದ ಲಂಡನ್ ಟೈಮ್ಸ್ ಪತ್ರಿಕೆಯ ತಲೆಬರಹವನ್ನು ಸೇರಿಸಲಾಗಿದೆ. ಮುಳುಗುವ ಬ್ಯಾಂಕುಗಳಿಗೆ ಸರಕಾರ ಎರಡನೆಯ ಬಾರಿ ಹಣ ಸುರಿಯಲಿದೆ ಎಂಬ ಸುದ್ದಿ ಅದು. ದೊಡ್ಡವರ ತಪ್ಪಿಗೆ ಜನ ದಂಡ ತೆರುವ ವ್ಯವಸ್ಥೆಯ ಮೇಲಿನ ಸಿಟ್ಟು ಆ ಪಂಗಡದ ಹುಟ್ಟಿನಲ್ಲಿಯೇ ಇದೆ. ನಂಬಬೇಡ, ತಾಳೆ ನೋಡು ಎಂಬುದು ಅವರ ನಡೆನುಡಿ. ಅವರಲ್ಲಿ ನಿಷ್ಠಾವಂತರು ಇಡೀ ಕಿರ್ದಿಯ ಪ್ರತಿಯನ್ನು ಮನೆಯ ಗಣಕದಲ್ಲಿ ಇಟ್ಟುಕೊಂಡು ಮೊದಲ ಪುಟದಿಂದ ತಾವೇ ಲೆಕ್ಕ ತಾಳೆ ನೋಡುತ್ತಾರೆ. ಅವರಿಗೆ ಹಬ್ಬಗಳೂ ಉಂಟು: 2010ರ ಮೇ 22ರಂದು ಒಬ್ಬನು 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತಿಂದ ದಿನವನ್ನು ಪ್ರತಿವರ್ಷ ಆಚರಿಸುತ್ತಾರೆ. 2013ರಲ್ಲಿ ಒಬ್ಬನು ಅಮಲಿನಲ್ಲಿ ತಪ್ಪಾಗಿ ಬರೆದ ‘ಹೋಡ್ಲ್’ ಎಂಬ ಶಬ್ದ, ಏನೇ ಆದರೂ ಮಾರದೆ ಹಿಡಿದುಕೊಂಡಿರು ಎಂಬ ಅರ್ಥದಲ್ಲಿ ಅವರ ಮಂತ್ರವಾಗಿದೆ. ಕಾಗುಣಿತದ ತಪ್ಪಿಗೆ ನಮ್ಮ ಶಾಲೆಯಲ್ಲಿ ಸಿಗುತ್ತಿದ್ದ ಪ್ರಸಾದವನ್ನು ನೆನೆದರೆ ಅವನು ಪುಣ್ಯವಂತ.

ಇಬ್ಬರಿಗೂ ದುರಾಸೆ ತಟ್ಟದೆ ಇರಲಿಲ್ಲ. 2017ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ತಂಪು ಚಹಾ ಮಾರುವ ಕಂಪನಿಯೊಂದು ತನ್ನ ಹೆಸರಿನಲ್ಲಿ ಬ್ಲಾಕ್‌ಚೈನ್ ಎಂಬ ಶಬ್ದವನ್ನು ಸೇರಿಸಿಕೊಂಡಿತು. ಆ ದಿನ ಅದರ ಶೇರಿನ ಬೆಲೆ ಇಮ್ಮಡಿಗೂ ಮಿಕ್ಕಿ ಜಿಗಿಯಿತು. ಮರುವರ್ಷವೇ ನಾಸ್ಡಾಕ್ ಪೇಟೆ ಅದನ್ನು ಪಟ್ಟಿಯಿಂದ ಕೈಬಿಟ್ಟಿತು.

ಈಗ ನಮ್ಮ ಮಾತಿನ ನಡುಮಧ್ಯಕ್ಕೆ ಬರುತ್ತೇವೆ. 2022ರ ನವೆಂಬರ್. ಒಂದೇ ತಿಂಗಳಿನಲ್ಲಿ ಎರಡೂ ಪಂಗಡಗಳ ದೊಡ್ಡ ಮನೆಗಳು ಕುಸಿದವು.

ನವೆಂಬರ್ 11ರಂದು ಎಫ್‌ಟಿಎಕ್ಸ್ ಎಂಬ ನಾಣ್ಯ ವಿನಿಮಯ ಕೇಂದ್ರ ದಿವಾಳಿ ಅರ್ಜಿ ಹಾಕಿತು. ಗಿರಾಕಿಗಳು ಒಪ್ಪಿಸಿದ್ದ ಸುಮಾರು 800 ಕೋಟಿ ಡಾಲರ್ ಕಾಣೆಯಾಗಿತ್ತು. ಅದರ ಸ್ಥಾಪಕನಿಗೆ 2024ರ ಮಾರ್ಚಿನಲ್ಲಿ 25 ವರ್ಷಗಳ ಸೆರೆವಾಸ ವಿಧಿಸಲಾಯಿತು. ಇಲ್ಲಿ ಬ್ಲಾಕ್‌ಚೈನ್ ಮುರಿಯಲಿಲ್ಲ. ಹಣ ಇದ್ದದ್ದು ಎಫ್‌ಟಿಎಕ್ಸ್‌ನ ಒಳಗಿನ ಖಾತೆ ಪುಸ್ತಕದಲ್ಲಿ, ಹೊರಗಿನವರು ಯಾರೂ ತಾಳೆ ನೋಡಲಾಗದ ಮುಚ್ಚಿದ ಕಿರ್ದಿಯಲ್ಲಿ. ನಂಬಬೇಡ ಎಂದು ಹಗಲಿರುಳು ಜಪಿಸಿದವರು ಒಬ್ಬ ತರುಣನನ್ನು ನಂಬಿ ಕೈಚೆಲ್ಲಿದ್ದರು.

ನವೆಂಬರ್ 17ರಂದು ಆಸ್ಟ್ರೇಲಿಯಾದ ಶೇರುಪೇಟೆ ತನ್ನ ಯೋಜನೆಯನ್ನು ನಿಲ್ಲಿಸಿತು. ಶೇರುಗಳ ಹಸ್ತಾಂತರವನ್ನು ದಾಖಲಿಸುವ ಹಳೆಯ ಗಣಕ ವ್ಯವಸ್ಥೆಯ ಜಾಗದಲ್ಲಿ ಅನುಮತಿಯುಳ್ಳ ಬ್ಲಾಕ್‌ಚೈನನ್ನು ತರುತ್ತೇವೆಂದು ಅದು 2017ರ ಡಿಸೆಂಬರಿನಲ್ಲಿ ಘೋಷಿಸಿತ್ತು. ಐದು ವರ್ಷಗಳ ದುಡಿಮೆ ಮತ್ತು ಸುಮಾರು 25 ಕೋಟಿ ಆಸ್ಟ್ರೇಲಿಯನ್ ಡಾಲರ್ ನಷ್ಟದ ಖಾತೆಗೆ ಹೋದವು.

ನವೆಂಬರ್ 29ರಂದು ಮೇರ್ಸ್ಕ್ ಹಡಗು ಕಂಪನಿ ಮತ್ತು ಐಬಿಎಂ ಸೇರಿ 2018ರಲ್ಲಿ ಆರಂಭಿಸಿದ್ದ ಟ್ರೇಡ್‌ಲೆನ್ಸ್ ಮುಚ್ಚುವ ಘೋಷಣೆ ಬಂತು. ಇದರ ಕಥೆಯನ್ನು ತುಸು ನಿಧಾನವಾಗಿ ಕೇಳಬೇಕು, ಏಕೆಂದರೆ ಉದ್ದೇಶ ಒಳ್ಳೆಯದಿತ್ತು. ಪೂರ್ವ ಆಫ್ರಿಕದಿಂದ ಯುರೋಪಿಗೆ ಹೋಗುವ ಒಂದು ಶೀತ ಪೆಟ್ಟಿಗೆಯ ಕಾಗದಪತ್ರಗಳನ್ನು ಮೇರ್ಸ್ಕ್ 2014ರಲ್ಲಿ ಬೆನ್ನುಹತ್ತಿ ನೋಡಿತ್ತು. ಸುಮಾರು 30 ಜನರ ಮತ್ತು ಸಂಸ್ಥೆಗಳ ಕೈದಾಟಿ, 200ಕ್ಕೂ ಹೆಚ್ಚು ಬಾರಿ ಕೊಟ್ಟು-ತೆಗೆದುಕೊಂಡು ಅದು ದಡ ಸೇರುತ್ತಿತ್ತು. ಎಲ್ಲರೂ ಒಂದೇ ಕಿರ್ದಿಯಲ್ಲಿ ಬರೆದರೆ ಇದೆಲ್ಲ ಉಳಿಯುತ್ತದೆ ಎಂಬುದು ಲೆಕ್ಕಾಚಾರ. ಆದರೆ ಕಿರ್ದಿ ಮೇರ್ಸ್ಕ್‌ನ ಮನೆಯಲ್ಲಿತ್ತು. ಎದುರಾಳಿ ಹಡಗು ಕಂಪನಿಗಳು ತಡವಾಗಿ ಬಂದವು, ಮನಸ್ಸಿಲ್ಲದೆ ಬಂದವು. ಜಗತ್ತಿನ ಉದ್ದಿಮೆಯೆಲ್ಲ ಕೈಜೋಡಿಸಲಿಲ್ಲವೆಂದು ಮುಚ್ಚುವಾಗ ಕಂಪನಿಯೇ ಒಪ್ಪಿಕೊಂಡಿತು. ಎದುರಂಗಡಿಯ ಕಿರ್ದಿಯಲ್ಲಿ ನಮ್ಮ ಲೆಕ್ಕ ಬರೆಸು ಎಂದರೆ ಸೊಲ್ಲಾಪುರದ ಚಾದರದ ವ್ಯಾಪಾರಿ ಒಪ್ಪುವನೇ?

ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನಮಗೆ ತೋರಿದ್ದಿಷ್ಟು. ಆಸ್ಟ್ರೇಲಿಯಾದ ಸೋಲಿನಲ್ಲಿ ತಂತ್ರಾಂಶದ ಮತ್ತು ಆಡಳಿತದ ದೋಷಗಳೇ ಹೆಚ್ಚು, ಅದನ್ನು ಬದಿಗಿಡೋಣ. ಉಳಿದೆರಡರಲ್ಲಿ ಎದುರುಬದುರು ನಿಂತ ಎರಡು ಪಂಗಡಗಳು ಒಂದೇ ತಪ್ಪನ್ನು ಮಾಡಿವೆ. ಎರಡೂ ತೆರೆದ ಕಿರ್ದಿಯ ಹೆಸರು ಹೇಳಿ ಒಬ್ಬರ ಮನೆಯ ಕಿರ್ದಿಗೆ ಮರಳಿವೆ. ಒಂದು ಸೌಲಭ್ಯದ ಆಸೆಗೆ, ಇನ್ನೊಂದು ಹಿಡಿತದ ಆಸೆಗೆ.

ಹಾಗೆಂದು ಎಲ್ಲದಕ್ಕೂ ತೆರೆದ ಕಿರ್ದಿಯೇ ಬೇಕೆಂದಿಲ್ಲ. ಜತ್ತ ತಾಲೂಕಿನ ದ್ರಾಕ್ಷಿ ಬೆಳೆಗಾರರಿಗೆ ಗ್ರೇಪ್‌ನೆಟ್ ಗೊತ್ತು. ಯುರೋಪಿಗೆ ಹೋಗುವ ದ್ರಾಕ್ಷಿಯ ಪೆಟ್ಟಿಗೆಯಿಂದ ತೋಟದವರೆಗೆ ಹೆಜ್ಜೆ ಹಿಡಿದು ಬರಲು, ಸಿಂಪಡಿಸಿದ ಔಷಧದ ಅಂಶ ಎಷ್ಟು ಉಳಿದಿದೆಯೆಂದು ನೋಡಲು ಅಪೇಡಾ ಸಂಸ್ಥೆ 2006ರಲ್ಲಿಯೇ ಅದನ್ನು ಆರಂಭಿಸಿತು. ಆಗ ಬಿಟ್‌ಕಾಯಿನ್ ಇನ್ನೂ ಹುಟ್ಟಿರಲಿಲ್ಲ. ನಡುವೆ ಎಲ್ಲರೂ ಒಪ್ಪುವ ಒಂದು ಕಚೇರಿ ಇತ್ತು, ಅದರ ಪುಸ್ತಕ ಸಾಕಾಯಿತು. ಅಮೆರಿಕದ ವಾಲ್‌ಮಾರ್ಟ್, ಐಬಿಎಂನ ಬ್ಲಾಕ್‌ಚೈನ್ ಬಳಸಿ, ಹೆಚ್ಚಿ ಮಾರುವ ಮಾವಿನ ಹಣ್ಣಿನ ಮೂಲವನ್ನು ಹುಡುಕುವ ಸಮಯವನ್ನು ಸುಮಾರು 7 ದಿನಗಳಿಂದ 2.2 ಸೆಕೆಂಡಿಗೆ ಇಳಿಸಿತು ಎಂಬ ಮಾತನ್ನು ಈ ವಿಷಯದ ಪ್ರತಿಯೊಂದು ಭಾಷಣದಲ್ಲಿ ಕೇಳುತ್ತೇವೆ. ನಿಜವೇ ಇರಲಿ. ಆದರೆ ಆ ವೇಗ ಬಂದದ್ದು ತೋಟದವನಿಂದ ಅಂಗಡಿಯವರೆಗೆ ಎಲ್ಲರೂ ಒಂದೇ ನಮೂನೆಯಲ್ಲಿ ಬರೆದದ್ದರಿಂದ. ವಾಲ್‌ಮಾರ್ಟ್ ಹೇಳಿದರೆ ಅವರು ಯಾವ ಪುಸ್ತಕದಲ್ಲಾದರೂ ಬರೆಯುತ್ತಿದ್ದರು.

ತೆರೆದ ಕಿರ್ದಿ ಬೇಕಾಗುವುದು, ನಡುವೆ ನಿಲ್ಲಲು ಎಲ್ಲರೂ ಒಪ್ಪುವ ಒಬ್ಬರು ಇಲ್ಲದಾಗ. ಇಲ್ಲವೇ ಇದ್ದ ಒಬ್ಬರು ಐವತ್ತು ವರ್ಷ ಉಳಿಯುವರೆಂಬ ಭರವಸೆ ಇಲ್ಲದಾಗ. ಸೇತುವೆ ಕಟ್ಟುವ ಕೆಲಸ ನಡೆದದ್ದೂ ಅಲ್ಲಿಯೇ. ಇಥೀರಿಯಂ ಎಂಬ ತೆರೆದ ಸರಪಳಿಯು 2022ರ ಸೆಪ್ಟೆಂಬರ್ 15ರಂದು ಮೊಹರು ಮಾಡುವ ಪದ್ಧತಿಯನ್ನು ಬದಲಿಸಿ ತನ್ನ ವಿದ್ಯುತ್ ಬಳಕೆಯನ್ನು ಶೇಕಡಾ 99ಕ್ಕೂ ಹೆಚ್ಚು ತಗ್ಗಿಸಿತು. ಕಂಪನಿಗಳ ಒಂದು ದೊಡ್ಡ ಆಕ್ಷೇಪಣೆ ಅಲ್ಲಿಗೆ ಮುಗಿಯಿತು. ಅದೇ ನವೆಂಬರಿನ 2ರಂದು, ಎಫ್‌ಟಿಎಕ್ಸ್ ಬೀಳುವ ಒಂಬತ್ತು ದಿನ ಮೊದಲು, ಸಿಂಗಪುರದ ಹಣಕಾಸು ಪ್ರಾಧಿಕಾರವು ಒಂದು ಪ್ರಯೋಗವನ್ನು ಪ್ರಕಟಿಸಿತು. ಜೆ.ಪಿ. ಮಾರ್ಗನ್, ಡಿಬಿಎಸ್ ಮತ್ತು ಜಪಾನಿನ ಎಸ್‌ಬಿಐ (ನಮ್ಮ ಸ್ಟೇಟ್ ಬ್ಯಾಂಕ್ ಅಲ್ಲ) ಎಂಬ ಸಂಸ್ಥೆಗಳು ಹಣ ಮತ್ತು ಸರಕಾರಿ ಸಾಲಪತ್ರಗಳ ವಹಿವಾಟನ್ನು ತೆರೆದ ಸರಪಳಿಯ ಮೇಲೆಯೇ ನಡೆಸಿದ್ದವು. ನಾಣ್ಯವನ್ನು ಜರೆದ ಬ್ಯಾಂಕು ನಾಣ್ಯದವರ ಕಿರ್ದಿಯಲ್ಲಿ ಬರೆಯಿತು. ಬಾಗಿಲಲ್ಲಿ ಮಾತ್ರ, ಪರಿಚಯದ ಪತ್ರವಿದ್ದವರೇ ಒಳಗೆ ಬರಬೇಕೆಂಬ ಕಾವಲನ್ನು ಇಟ್ಟಿತು. ಬಳಸಿದ ಸರಪಳಿ ಪಾಲಿಗಾನ್. ಭಾರತದ ತರುಣರು 2017ರಲ್ಲಿ ಕಟ್ಟಲು ಆರಂಭಿಸಿದ್ದು.

ಅದೇ ಪಾಲಿಗಾನ್ ನಮ್ಮ ರಾಜ್ಯದಲ್ಲಿಯೂ ಕೆಲಸ ಮಾಡಿದೆ. 2022ರಲ್ಲಿ ಗಡಚಿರೋಲಿ ಜಿಲ್ಲೆಯ ಏಟಾಪಲ್ಲಿ ಉಪವಿಭಾಗದಲ್ಲಿ 65,000 ಜಾತಿ ಪ್ರಮಾಣಪತ್ರಗಳನ್ನು ಅದರ ಮೇಲೆ ಗುರುತು ಮಾಡಿಕೊಡುವ ಕೆಲಸವನ್ನು ಆಡಳಿತವು ಕೈಗೆತ್ತಿಕೊಂಡಿತು. ರಾಜ್ಯದ ಕೌಶಲ್ಯ ಮಂಡಳಿಯು ತನ್ನ ಡಿಪ್ಲೊಮಾ ಪತ್ರಗಳಿಗೆ ಅದಕ್ಕೂ ಮೊದಲು ಇಂಥದೇ ವ್ಯವಸ್ಥೆ ಮಾಡಿತ್ತು. ಏಟಾಪಲ್ಲಿ ಕಾಡಿನ ಸೀಮೆ, ಮಾಡಿಯಾ ಗೊಂಡರ ನೆಲೆ. ಅಲ್ಲಿಯ ಹುಡುಗಿಯೊಬ್ಬಳು ದೂರದ ನಗರದ ಕಾಲೇಜಿನಲ್ಲಿ ಪತ್ರ ತೋರಿಸಿದರೆ, ಗುಮಾಸ್ತನು ಅದರ ಕ್ಯೂಆರ್ ಚಿತ್ರಕ್ಕೆ ಮೊಬೈಲ್ ಹಿಡಿದು ಅದು ಸಾಚಾ ಎಂದು ತಿಳಿಯಬಹುದು. ಏಟಾಪಲ್ಲಿಯ ಕಚೇರಿಗೆ ಬರೆದು ವಾರಗಟ್ಟಲೆ ಕಾಯಬೇಕಾಗಿಲ್ಲ. ಆ ಹುಡುಗಿ ನಾಣ್ಯ ಕೊಳ್ಳಬೇಕಿಲ್ಲ, ಗುಮಾಸ್ತನೂ ಕೊಳ್ಳಬೇಕಿಲ್ಲ. ಸರಪಳಿಯ ಮೇಲೆ ಅವಳ ಹೆಸರಿಲ್ಲ, ಜಾತಿಯಿಲ್ಲ. ಆ 64 ಅಕ್ಷರಗಳಂಥ ಗುರುತು ಮಾತ್ರ. ಆದರೆ ಆ ಕಿರ್ದಿಯನ್ನು ದಿನವೂ ಕಾಯುವವರು ನಾಣ್ಯದ ಆಸೆಗೆ ಕಾಯುತ್ತಿದ್ದಾರೆ. ಯಾರದೋ ಲಾಭದ ಹಂಬಲದಿಂದ ನಡೆಯುವ ಬಾವಿಯ ರಾಟೆಯಲ್ಲಿ ಅವಳ ಕೊಡವೂ ತುಂಬುತ್ತದೆ. ಎರಡು ಪಂಗಡಗಳ ನಡುವೆ ಸೇತುವೆಯೆಂದು ನಾವು ಕಂಡದ್ದು ಇದನ್ನೇ. ಒಬ್ಬರು ಇನ್ನೊಬ್ಬರ ಮತಕ್ಕೆ ಸೇರಬೇಕಾಗಿಲ್ಲ.

ಇಷ್ಟು ಕೇಳಿ ಕೂಡಲೇ ಕಂಪನಿಯವರಿಗೆ ಹೂಂ ಎನ್ನೋಣವೇ? ನಿಲ್ಲಬೇಕು. ಹೆಬ್ಬೆಟ್ಟಿನ ಗುರುತು, ಬರೆದದ್ದು ಬದಲಾಗಿಲ್ಲ ಎಂದು ಹೇಳುತ್ತದೆ. ಬರೆದದ್ದು ಸರಿಯೆಂದು ಹೇಳುವುದಿಲ್ಲ. ನಮ್ಮ ಗಡಿಶಾಲೆಗಳ ತೊಂದರೆ ಇರುವುದೇ ಅಲ್ಲಿ. ಕನ್ನಡದಲ್ಲಿ ‘ಈರಪ್ಪ’ ಎಂದು ಬರೆದ ಹೆಸರು ಮರಾಠಿ ಎಲ್.ಸಿ.ಯಲ್ಲಿ ‘ವೀರಪ್ಪಾ’ ಆಗುತ್ತದೆ, ಆಧಾರ್ ಕಾರ್ಡಿನಲ್ಲಿ ಮೂರನೆಯ ರೂಪ ತಾಳುತ್ತದೆ. ಅಡ್ಡಹೆಸರು ಒಂದು ಕಡೆ ಊರಿನದು, ಇನ್ನೊಂದು ಕಡೆ ಮನೆತನದ್ದು. ಈ ಗೊಂದಲವನ್ನು ಹಾಗೆಯೇ ಸರಪಳಿಗೆ ಏರಿಸಿದರೆ ತಪ್ಪಿಗೆ ತಾಮ್ರಪಟ ಮಾಡಿಸಿಕೊಟ್ಟಂತೆ. ತಿದ್ದುಪಡಿ ಸಾಧ್ಯವಿಲ್ಲವೆಂದಲ್ಲ. ನಮ್ಮ ಗುರುಗಳು ಕಲಿಸಿದ ದಫ್ತರದ ರೀತಿಯನ್ನು ನೆನೆಯಿರಿ: ರಜಿಸ್ಟರಿನಲ್ಲಿ ತಪ್ಪಾದರೆ ಕೆರೆದು ಅಳಿಸಬಾರದು, ಹಳೆಯದು ಕಾಣುವಂತೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದುದನ್ನು ಬರೆದು, ಮುಖ್ಯಾಧ್ಯಾಪಕರು ತಾರೀಖು ಹಾಕಿ ಸಹಿ ಮಾಡಬೇಕು. ಬ್ಲಾಕ್‌ಚೈನಿನ ತಿದ್ದುಪಡಿಯೂ ಹೀಗೆಯೇ. ಹಳೆಯದು ಉಳಿಯುತ್ತದೆ, ಹೊಸದು ಅದರ ಮುಂದೆ ಬರುತ್ತದೆ. ಆದರೆ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ತನ್ನ ಮಾಹಿತಿಯನ್ನು ತಿದ್ದಿಸುವ ಮತ್ತು ಅಳಿಸುವ ಹಕ್ಕನ್ನು ವ್ಯಕ್ತಿಗೆ ಕೊಡುತ್ತದೆ. ಆದ್ದರಿಂದ ಮಗುವಿನ ಹೆಸರು, ಜಾತಿ, ಜನ್ಮದಿನಾಂಕಗಳನ್ನೇ ಎಂದೂ ಅಳಿಯದ ಕಿರ್ದಿಯಲ್ಲಿ ಬರೆಯುತ್ತೇವೆ ಎನ್ನುವ ಯಾವ ಕಂಪನಿಯನ್ನೂ ಹೊಸ್ತಿಲ ಒಳಗೆ ಬಿಟ್ಟುಕೊಳ್ಳಬಾರದು. ಗುರುತು ಮಾತ್ರ ಹೋಗಲಿ, ಪತ್ರ ಶಾಲೆಯಲ್ಲಿರಲಿ.

ಇನ್ನೊಂದು ವಿಷಯದಲ್ಲಿ ಸಂಸ್ಥೆಗಳು ನಾಣ್ಯದವರಿಂದ ಕಲಿಯಬೇಕಾದುದಿದೆ. ಅದು ಬೀಗದ ಕೈ. ನಾಣ್ಯದವರ ಬೀಗದ ಕೈ ಎಂದರೆ 12 ಅಥವಾ 24 ಶಬ್ದಗಳ ಒಂದು ಸಾಲು. ಅದು ಕಳೆದರೆ ದೇವರೇ ಬಂದರೂ ಹಣ ಹಿಂದಿರುಗದು, ಅದು ಇನ್ನೊಬ್ಬರಿಗೆ ಸಿಕ್ಕರೆ ಹಣ ಉಳಿಯದು. ಅದನ್ನು ಕಾಗದದಲ್ಲಿ ಬರೆದು ಎರಡು ಕಡೆ ಇಡುವ, ಮೂವರಲ್ಲಿ ಇಬ್ಬರ ಸಹಿ ಬೇಕೆಂದು ಕಟ್ಟು ಮಾಡುವ ಶಿಸ್ತು ಅವರಲ್ಲಿದೆ. ಶಾಲೆಯಲ್ಲಿ ಮುಖ್ಯಾಧ್ಯಾಪಕರು ನಿವೃತ್ತರಾದಾಗ ಚಾರ್ಜ್ ಪಟ್ಟಿಯಲ್ಲಿ ಬೆಂಚು, ಕಪಾಟು, ಗಂಟೆ ಎಲ್ಲವೂ ಬರುತ್ತವೆ. ಈ ಬೀಗದ ಕೈಯೂ ಬರಬೇಕು. ಬ್ಯಾಂಕ್ ಖಾತೆಗೆ ಇರುವಂತೆ ಜಂಟಿ ಸಹಿಯೂ ಬೇಕು. ಜಂಟಿ ಸಹಿಯಿದ್ದರೂ ಓದದೆ ಸಹಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ವಜೀರ್‌ಎಕ್ಸ್ ಸಾಕ್ಷಿ: 2024ರ ಜುಲೈ 18ರಂದು ಭಾರತದ ಆ ವಿನಿಮಯ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಕಳುವಾದವು. ಹಲವರ ಸಹಿ ಬೇಕಿದ್ದ ಪೆಟ್ಟಿಗೆ ಅದು. ಪರದೆಯ ಮೇಲೆ ಕಂಡದ್ದು ಒಂದು, ಸಹಿ ಬಿದ್ದದ್ದು ಇನ್ನೊಂದಕ್ಕೆ ಎಂದು ಸಂಸ್ಥೆಯೇ ಹೇಳಿತು.

ಹುಡುಗರ ತಂದೆತಾಯಿಗಳಿಗೆ ಎರಡು ಮಾತು. ರಿಸರ್ವ್ ಬ್ಯಾಂಕು 2018ರ ಏಪ್ರಿಲಿನಲ್ಲಿ ಕ್ರಿಪ್ಟೊ ವ್ಯವಹಾರಕ್ಕೆ ಬ್ಯಾಂಕುಗಳ ಬಾಗಿಲು ಮುಚ್ಚಿಸಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಆ ಸುತ್ತೋಲೆಯನ್ನು ರದ್ದು ಮಾಡಿತು. 2022ರ ಏಪ್ರಿಲಿನಿಂದ ಲಾಭದ ಮೇಲೆ ಶೇಕಡಾ 30 ತೆರಿಗೆಯಿದೆ. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ತೆರಿಗೆ ಹಾಕಿದ ಮಾತ್ರಕ್ಕೆ ಸರಕಾರ ಅದನ್ನು ಹಣವೆಂದು ಒಪ್ಪಿದಂತಾಗಲಿಲ್ಲ. ತಿಳಿದು, ಕಳೆದುಕೊಳ್ಳಲು ಶಕ್ತಿಯಿದ್ದಷ್ಟು ಹಾಕುವ ಮಗನನ್ನು ನಾವು ಮೂರ್ಖನೆನ್ನುವುದಿಲ್ಲ. ಆದರೆ ತಿಂಗಳಿಗೆ ಇಷ್ಟು ಶೇಕಡಾ ಖಚಿತ ಎನ್ನುವವನು ಈ ಎರಡೂ ಪಂಗಡಕ್ಕೆ ಸೇರಿದವನಲ್ಲ. ಅವನದು ಚೀಟಿಯ ಹಳೆಯ ಮೋಸ. 2018ರಲ್ಲಿ ಪುಣೆ ಪೊಲೀಸರ ಕೈಗೆ ಬಂದ ಗೇನ್‌ಬಿಟ್‌ಕಾಯಿನ್ ಪ್ರಕರಣದಲ್ಲಿ, ತನಿಖೆಯವರ ಪ್ರಕಾರ, ಜನರಿಗೆ ತೋರಿಸಿದ್ದ ಆಸೆ ತಿಂಗಳಿಗೆ ಶೇಕಡಾ 10, 18 ತಿಂಗಳವರೆಗೆ. ಅಂಥವನು ಮನೆಗೆ ಬಂದರೆ ಬ್ಲಾಕ್‌ಚೈನ್ ಎಂದರೇನೆಂದು ಕೇಳುತ್ತ ಕೂರಬೇಡಿ, ಬಾಗಿಲು ಹಾಕಿಕೊಳ್ಳಿ.

ಕಡೆಯದಾಗಿ, ನಮ್ಮ ಸಮಿತಿ ಏನು ತೀರ್ಮಾನಿಸಿದೆಯೆಂಬುದನ್ನು ತಿಳಿಸಬೇಕು. ಕಂಪನಿಯವರ ಪತ್ರಕ್ಕೆ ನಾವು ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಕೇಳಿದ್ದು ಇಷ್ಟು: ಯಾವ ಸರಪಳಿ, ತೆರೆದದ್ದೋ ನಿಮ್ಮ ಮನೆಯದೋ, ನಾಳೆ ನಿಮ್ಮ ಅಂಗಡಿ ಮುಚ್ಚಿದರೂ ನಿಮ್ಮ ನೆರವಿಲ್ಲದೆ ಒಬ್ಬ ಪಾಲಕನು ಪತ್ರವನ್ನು ತಾಳೆ ನೋಡುವ ರೀತಿಯನ್ನು ಬರೆದು ಕೊಡುವಿರೋ, ಬೀಗದ ಕೈ ಯಾರಲ್ಲಿರುತ್ತದೆ. ಉತ್ತರ ಬಂದ ಮೇಲೆ ಸಂಘದ ಸಭೆಯ ಮುಂದೆ ಇಡುತ್ತೇವೆ.

ಅಲ್ಲಿಯವರೆಗೆ ಕಾಯುತ್ತ ಕೂರುವುದಿಲ್ಲ. ಶಾಲೆಯ ಮೊದಲ ದಿನದಿಂದ ಇಂದಿನವರೆಗಿನ ಜನರಲ್ ರಜಿಸ್ಟರಿನ ಪುಟಗಳನ್ನು ಸ್ಕ್ಯಾನ್ ಮಾಡಿಸಲು ಮುಖ್ಯಾಧ್ಯಾಪಕರ ಅಪ್ಪಣೆ ದೊರೆತಿದೆ. ಹಾಗೆ ತೆಗೆದ ಚಿತ್ರಗಳೆಲ್ಲದರ ಒಂದೇ ಹೆಬ್ಬೆಟ್ಟಿನ ಗುರುತನ್ನು, ಆ 64 ಅಕ್ಷರಗಳನ್ನು, ಹೊರಬರಲಿರುವ ಸ್ಮರಣ ಸಂಚಿಕೆಯ ಹಿಂಬದಿಯ ರಕ್ಷಾಪುಟದ ಒಳಗೆ ಅಚ್ಚು ಮಾಡಬೇಕೆಂದು ಸಂಪಾದಕ ಮಂಡಳಿಯನ್ನು ಕೇಳಿಕೊಂಡಿದ್ದೇವೆ, ಅವರು ಒಪ್ಪಿದ್ದಾರೆ. ಹೇಬರ್ ಮತ್ತು ಸ್ಟಾರ್ನೆಟಾ ಪತ್ರಿಕೆಯಲ್ಲಿ ಮಾಡಿದ್ದೂ ಇದನ್ನೇ. ಸಂಚಿಕೆ ನಿಮ್ಮ ನಿಮ್ಮ ಮನೆಗಳಿಗೆ, ಪುಣೆ, ಮುಂಬಯಿ, ವಿಜಯಪುರಗಳಲ್ಲಿರುವ ಹಳೆಯ ವಿದ್ಯಾರ್ಥಿಗಳ ಮನೆಗಳಿಗೆ ಹೋಗುತ್ತದೆ. ಮುಂದೆ ಯಾರಾದರೂ ಆ ಚಿತ್ರಗಳಲ್ಲಿ ಒಂದು ಅಕ್ಷರವನ್ನು ಬದಲಿಸಿದರೆ, ನಿಮ್ಮ ಕಪಾಟಿನಲ್ಲಿರುವ ಸಂಚಿಕೆಯ ಸಾಲಿನೊಡನೆ ಅದು ತಾಳೆಯಾಗದು. ಇದಕ್ಕೆ ಖರ್ಚು ಅಚ್ಚಿನ ಒಂದು ಸಾಲು.

ಗುರುತು ತೆಗೆಯುವ ಮುನ್ನ ಪುಟಗಳನ್ನು ಓದಿ ಪಟ್ಟಿ ಮಾಡಬೇಕಾಗಿದೆ. ಸಂಸ್ಥಾನದ ಕಾಲದ ಪುಟಗಳಲ್ಲಿ ಕೆಲವು ಷರಾಗಳು ಮೋಡಿ ಲಿಪಿಯಲ್ಲಿವೆ, ಕೆಲವು ಹೆಸರುಗಳ ಶಾಯಿ ಮಾಸಿದೆ. ಮೋಡಿ ಬಲ್ಲ ಹಿರಿಯರು, ಇಂಥ ಮನೆತನದವರು ಇಂಥವರೆಂದು ಗುರುತಿಸಬಲ್ಲ ಅಜ್ಜ-ಅಜ್ಜಿಯರು ದೀಪಾವಳಿಯ ರಜೆಯಲ್ಲಿ ಶಾಲೆಗೆ ಬಂದು ನಮ್ಮೊಡನೆ ಒಂದೆರಡು ದಿನ ಕುಳಿತುಕೊಳ್ಳಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ. ಬರಲು ಆಗದವರ ಮನೆಗೆ ನಾವೇ ಪುಟಗಳ ಪ್ರತಿಯನ್ನು ತರುತ್ತೇವೆ.